ಏಳು ನಿಮಿಷದ ಹೊಟ್ಟೆಕಿಚ್ಚು

ಮಸ್ಕತ್ತಿನಲ್ಲಿದ್ದ ನಮ್ಮ ಕಡೆಯವರೆಲ್ಲ ಆ ಕಾಲದಲ್ಲಿ ನನ್ನನ್ನು ‘ಡೈರೆಕ್ಟ್ರು’ ಎಂದೇ ಕರೆಯುತ್ತಿದ್ದರು. ವಾರದ ದಿನಗಳಲ್ಲಿ ನಾನು ರೂವಿಯ ಒಂದು ಕಂಪನಿಯಲ್ಲಿ ಗುಮಾಸ್ತ. ಬಂದರಿಗೆ ಬಂದಿಳಿದ ಸರಕನ್ನು ಬಿಡಿಸಿಕೊಡುವುದು ನನ್ನ ಕೆಲಸ. ಅಲ್ಲಿ ವಾರದ ರಜೆ ಶುಕ್ರವಾರ; ಗುರುವಾರ ಮಧ್ಯಾಹ್ನ ಆಫೀಸು ಮುಗಿದದ್ದೇ ಹೆಗಲಿಗೆ ವಿಎಚ್‌ಎಸ್ ಕ್ಯಾಮೆರಾ ಏರುತ್ತಿತ್ತು. ರಿಸೆಪ್ಷನ್ನು, ನಾಮಕರಣ, ಸಂಘದ ವಾರ್ಷಿಕೋತ್ಸವ, ಊರಿಗೆ ಖಾಯಂ ಆಗಿ ಹೊರಟವರ ಬೀಳ್ಕೊಡುಗೆ, ಎಲ್ಲಕ್ಕೂ ನಾನೇ ಬೇಕು. ಆ ಹೆಸರಿನಲ್ಲಿ ತಮಾಷೆ ಎಷ್ಟಿತ್ತು, ಗೌರವ ಎಷ್ಟಿತ್ತು ಎಂದು ನಾನು ಕೇಳಿಕೊಳ್ಳಲು ಹೋಗಿರಲಿಲ್ಲ. ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು. ಗಲ್ಫಿಗೆ ಬರುವ ಮೊದಲು ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಲೈಟು ಹಿಡಿಯುತ್ತಿದ್ದವನು ನಾನು. ಯಾವತ್ತಾದರೂ ಒಂದು ದಿನ ಮದುವೆ-ಮುಂಜಿ ಬಿಟ್ಟು ನನ್ನದೇ ಆದ ಒಂದು ಚಿತ್ರ ಮಾಡುತ್ತೇನೆ ಎಂಬ ಹಠ ಒಳಗೆ ಇದ್ದೇ ಇತ್ತು.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಬೇರೆ ಯಾರಾದರೂ ತೆಗೆದ ಕ್ಯಾಸೆಟ್ಟು ಮನೆಗೆ ಬಂದರೆ ನಾನು ನೋಡುತ್ತಿದ್ದುದು ಮದುಮಗಳನ್ನಲ್ಲ, ತಪ್ಪನ್ನು. ಅಲ್ಲಿ ಕೈ ನಡುಗಿದೆ, ಇಲ್ಲಿ ತಲೆ ಕತ್ತರಿಸಿ ಹೋಗಿದೆ ಎಂದು ಹುಡುಕಿ ಹುಡುಕಿ ಹೇಳಿ, ಸಮಾಧಾನವಾದ ಮೇಲೆ ಚಹಾ ಕುಡಿಯುತ್ತಿದ್ದೆ. ತಪ್ಪು ಸಿಗದಿದ್ದರೆ ಚಹಾ ರುಚಿಸುತ್ತಿರಲಿಲ್ಲ. ಆದರೆ ಅದೆಲ್ಲ ಹೊರಗಿನವರ ಮೇಲಿನ ಹೊಟ್ಟೆಕಿಚ್ಚು. ಮನೆಯೊಳಗಿನದ್ದು ಹೇಗಿರುತ್ತದೆ ಎಂಬುದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಸಣ್ಣ ಚಿತ್ರೋತ್ಸವದಿಂದಾಗಿ ಗೊತ್ತಾಯಿತು.

ನಾವಿದ್ದದ್ದು ಹಮ್ರಿಯಾದ ಒಂದು ಹಳೆಯ ಕಟ್ಟಡದ ಫ್ಲಾಟಿನಲ್ಲಿ. ಕೆಳಗೆ ಬಂಟ್ವಾಳ ಕಡೆಯ ಬ್ಯಾರಿ ಗೆಳೆಯನೊಬ್ಬನ ವಿಡಿಯೋ ಕ್ಯಾಸೆಟ್ ಅಂಗಡಿ. ನೋಡಿದರೆ ಬರೀ ಬಾಡಿಗೆಗೆ ಕ್ಯಾಸೆಟ್ಟು ಕೊಡುವ ವ್ಯಾಪಾರಿ ಅನಿಸುತ್ತಿತ್ತು; ಆದರೆ ಅವನಿಗೆ ಸಿನಿಮಾದ ಹುಚ್ಚು ನನಗಿಂತ ಒಂದು ಹಿಡಿ ಹೆಚ್ಚು. ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರವೇ ತಡೆದು ನಿಲ್ಲಿಸಿದ.

“ಡೈರೆಕ್ಟ್ರೇ, ನಾವೊಂದು ಫೆಸ್ಟಿವಲ್ ಮಾಡುವ. ವಿಡಿಯೋ ಚಿತ್ರಗಳದ್ದು. ಇಲ್ಲಿಯವರೇ ತೆಗೆದದ್ದು.”

“ಯಾವ ಭಾಷೆಯದ್ದು?” ಎಂದೆ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಾಟಕ ಸ್ಪರ್ಧೆ ಮಾಡಲು ಹೋಗಿ, ತುಳುವಿಗೆ ಎಷ್ಟು ಹೊತ್ತು, ಮಲಯಾಳಕ್ಕೆ ಎಷ್ಟು, ಕೊಂಕಣಿಗೆ ಯಾಕಿಲ್ಲ ಎಂದು ಜಗಳವಾಗಿ ಪರದೆಯೇ ಏಳಲಿಲ್ಲ.

“ಭಾಷೆಯೇ ಬೇಡ ಮಾರಾಯ್ರೆ. ಮಾತಿಲ್ಲದ ಚಿತ್ರ. ಹತ್ತು ನಿಮಿಷದ ಒಳಗೆ. ಯಾರು ಬೇಕಾದ್ರೂ ಮಾಡ್ಲಿ, ಯಾರು ಬೇಕಾದ್ರೂ ನೋಡ್ಲಿ. ಖಲಾಸ್!”

ಮಾತಿಲ್ಲದ ಚಿತ್ರ ಎಂದಾಗ ನನ್ನ ಎದೆ ಉಬ್ಬಿತು. ಮಸ್ಕತ್ತಿನಲ್ಲಿ ಅದನ್ನು ಮಾಡುವ ಯೋಗ್ಯತೆ ಇದ್ದವನು ನಾನೊಬ್ಬನೇ ಎಂದು ಮೆಟ್ಟಿಲು ಹತ್ತುತ್ತಲೇ ತೀರ್ಮಾನಿಸಿದೆ.

ನನ್ನ ಚಿತ್ರಕ್ಕೆ ವಿಷಯ ಮಸ್ಕತ್ತಿನಿಂದ ದೂರದ ರುಸ್ತಾಕ್ ಎಂಬ ಊರಿನಲ್ಲಿ ಸಿಕ್ಕಿತು. ಬೆಟ್ಟದ ಬುಡದಿಂದ ಹೊರಟು ಖರ್ಜೂರದ ತೋಟಗಳ ನಡುವೆ ಹರಿಯುವ ನೀರಿನ ಕಾಲುವೆಗಳಿವೆ ಅಲ್ಲಿ, ಫಲಜ್ ಎನ್ನುತ್ತಾರೆ. ಆ ನೀರಿನ ಹಿಂದೆಯೇ ಕ್ಯಾಮೆರಾ ಹೋಗಬೇಕು, ಕೋಟೆಯ ನೆರಳು, ಪೇಟೆ, ತೋಟ ಎಲ್ಲ ದಾಟಿ ಕೊನೆಗೆ ಒಂದು ಮರದ ಬೇರಿನಲ್ಲಿ ನೀರು ಇಂಗಬೇಕು. ಹೆಸರು ‘ನೀರಿನ ದಾರಿ’. ಶುಕ್ರವಾರ ಶುಕ್ರವಾರ ಬೆಳಗ್ಗೆ ಎದ್ದು ಕಾರಿನಲ್ಲಿ ಹೊರಡುತ್ತಿದ್ದೆ. ಬಿಸಿಲು ನನಗೆ ಬೇಕಾದ ಕೋನದಲ್ಲಿ ಬೀಳದಿದ್ದರೆ ಕಾಯುತ್ತಿದ್ದೆ. ಮೊದಲ ಸಲ ಹೆಂಡತಿ ಮಗಳನ್ನು ಕರೆದುಕೊಂಡು ಹೋದೆ. ಮಗಳು ಕಾರಿನಿಂದ ಇಳಿಯಲಿಲ್ಲ. “ಅಪ್ಪಾ, ಇಟ್ಸ್ ಜಸ್ಟ್ ವಾಟರ್,” ಎಂದು ಇಂಗ್ಲಿಷಿನಲ್ಲಿ ಹೇಳಿ ಸೀಟಿನ ಮೇಲೆ ಕಾಲು ಚಾಚಿ ಮಲಗಿದಳು. ಆಮೇಲೆ ಒಬ್ಬನೇ ಹೋಗತೊಡಗಿದೆ.

ಹೆಂಡತಿಯ ವಿಷಯ ಹೇಳಬೇಕು. ಅವಳು ರೂವಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ಹಲ್ಲುನೋವಿನವರ ಮುಖ ದಿನವಿಡೀ ನೋಡಿ ನೋಡಿ, ಯಾರು ನಿಜವಾಗಿ ನರಳುತ್ತಿದ್ದಾರೆ, ಯಾರು ಸರತಿ ತಪ್ಪಿಸಲು ನರಳುತ್ತಿದ್ದಾರೆ ಎಂದು ಬಾಗಿಲಲ್ಲೇ ಹೇಳಬಲ್ಲವಳು. ಮಾತು ಕಡಿಮೆ, ಆಡಿದರೆ ಹರಿತ. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತಂದರೆ ಆ ಹರಿತ ಸ್ವಲ್ಪ ಮೊಂಡಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬ ಊರಿಗೆ ಹೋಗುವಾಗ ಅಂಗೈಗಿಂತ ತುಸು ದೊಡ್ಡದಾದ ಒಂದು ಕ್ಯಾಮೆರಾ ಬಿಟ್ಟುಹೋಗಿದ್ದ. ನನ್ನ ಹೆಗಲ ಮೇಲಿನ ಯಂತ್ರದ ಎದುರು ಅದು ಆಟಿಕೆ. ಮಗಳ ಶಾಲೆಯ ಡ್ಯಾನ್ಸ್ ತೆಗೆಯಲಿಕ್ಕಾಯಿತು ಎಂದು ಅವಳ ಕೈಗೆ ಕೊಟ್ಟಿದ್ದೆ. ಗುಂಡಿ ಯಾವುದು, ಬ್ಯಾಟರಿ ಎಲ್ಲಿ ಎಂದು ತೋರಿಸಿದ್ದೂ ನಾನೇ.

ಉತ್ಸವಕ್ಕೆ ಚಿತ್ರ ಕೊಡುವ ದಿನ ಹತ್ತಿರ ಬಂದಾಗ ಅವಳು ಅನ್ನ ಬಡಿಸುತ್ತಾ ಹೇಳಿದಳು, “ನಾನೂ ಒಂದು ಕೊಟ್ಟಿದ್ದೇನೆ.”

“ಎಂತ ಕೊಟ್ಟದ್ದು?”

“ಚಿತ್ರ.”

ನಾನು ನಕ್ಕೆ. ಕೆಟ್ಟ ನಗುವಲ್ಲ, ಮಗಳು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ್ದನ್ನು ತೋರಿಸಿದಾಗ ನಗುವ ನಗು. “ಎಡಿಟಿಂಗ್ ಮಾಡಿಕೊಡ್ಬೇಕಾ?”

“ಬೇಡ, ಆಗಿದೆ. ಕೆಳಗಿನ ಅಂಗಡಿಯಲ್ಲಿ ಎರಡು ವಿಸಿಆರ್ ಉಂಟಲ್ಲ. ಮಧ್ಯಾಹ್ನ ಕ್ಲಿನಿಕ್ ಮುಚ್ಚಿದಾಗ ಕೂತು ಮಾಡಿದೆ.”

“ಯಾರದ್ದು ಚಿತ್ರ? ಮಗಳದ್ದಾ?”

“ಸುಮಾರಾಗಿ ಮನೆಯದ್ದೇ,” ಎಂದು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾನು ಮತ್ತೆ ಕೇಳಲಿಲ್ಲ. ನನ್ನ ತಲೆಯ ತುಂಬ ನನ್ನ ನೀರೇ ಇತ್ತು.

ಉತ್ಸವ ನಡೆದದ್ದು ಒಂದು ಕ್ಲಬ್ಬಿನ ಹಾಲಿನಲ್ಲಿ, ಶುಕ್ರವಾರ ಮಧ್ಯಾಹ್ನ. ಪರದೆ ಎಂದರೆ ಅಕ್ಕಪಕ್ಕ ಜೋಡಿಸಿಟ್ಟ ದೊಡ್ಡ ಟಿವಿಗಳು. ಪ್ಲಾಸ್ಟಿಕ್ ಕುರ್ಚಿ, ಹಿಂದೆ ಸಮೋಸದ ಮೇಜು. ಬಂದವರು ನೂರು ಜನರಾದರೂ ಇದ್ದಿರಬೇಕು. ಹೆಚ್ಚಿನವರೆಲ್ಲ ನಾನು ಒಂದಲ್ಲ ಒಂದು ಸಮಾರಂಭದಲ್ಲಿ ಹಿಡಿದ ಮುಖಗಳೇ. ತೀರ್ಪುಗಾರರಲ್ಲಿ ಮುಖ್ಯರಾದವರು ಒಬ್ಬ ವಯಸ್ಸಾದ ಒಮಾನಿ, ಟೆಲಿವಿಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಚ್ಚ ಬಿಳಿಯ ದಿಶ್‌ದಾಶಾ ನಿಲುವಂಗಿ ತೊಟ್ಟು, ಕೈಯಲ್ಲಿ ಸಣ್ಣದೊಂದು ಬೆತ್ತ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಬೊಂಬಾಯಿಯಲ್ಲಿ ಓದಿದ್ದರಂತೆ, ಹಿಂದಿ ಸಲೀಸಾಗಿ ಬರುತ್ತಿತ್ತು.

ನನ್ನ ‘ನೀರಿನ ದಾರಿ’ ಮೊದಲ ಕೆಲವು ಚಿತ್ರಗಳಲ್ಲೇ ಬಂತು. ನೀರು ಹರಿಯಿತು, ನೆರಳು ಸರಿಯಿತು, ಬೇರು ಒದ್ದೆಯಾಯಿತು. ಒಂದು ಕಡೆಯೂ ಕೈ ನಡುಗಿರಲಿಲ್ಲ. ಮುಗಿದಾಗ ಚಪ್ಪಾಳೆ ಬಂತು. ಶಾಲೆಯಲ್ಲಿ ಮುಖ್ಯ ಅತಿಥಿಯ ಭಾಷಣ ಮುಗಿದಾಗ ತಟ್ಟುತ್ತಾರಲ್ಲ, ಅಂಥ ಚಪ್ಪಾಳೆ. ನಾನು ಅದನ್ನು ಗೌರವ ಎಂದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ, “ಚೆಂದ ಬಂದಿದೆ,” ಎಂದಳು.

ಅದಾಗಿ ಸ್ವಲ್ಪ ಹೊತ್ತಿನ ಮೇಲೆ ಅವಳ ಚಿತ್ರ, ಏಳು ನಿಮಿಷದ್ದು. ಹೆಸರೂ ಇಟ್ಟಿರಲಿಲ್ಲ. ಟಿವಿಯಲ್ಲಿ ಮೊದಲು ಕಂಡದ್ದು ಒಂದು ಬೆನ್ನು. ಅಂಗಿಯ ಮೇಲೆ ಬೆವರಿನ ನಕ್ಷೆ. ಬಲ ಹೆಗಲಿನ ಮೇಲೆ ಕಪ್ಪು ಯಂತ್ರ. ಆ ಅಂಗಿ ನನ್ನದು ಎಂದು ತಿಳಿಯಲು ನನಗೇ ಒಂದು ಕ್ಷಣ ಹಿಡಿಯಿತು. ಹಾಲಿನಲ್ಲಿದ್ದ ಉಳಿದವರಿಗೆ ಕೂಡಲೇ ತಿಳಿದಿತ್ತು. ಎಲ್ಲರೂ ಕಿಸಕ್ಕನೆ ನಕ್ಕರು.

ಟಿವಿಯಲ್ಲಿ ನಾನು ಒಂದು ರಿಸೆಪ್ಷನ್ನಿನಲ್ಲಿ ಕೈಬೀಸಿ ಜನರನ್ನು ಆಚೆ ಈಚೆ ಸರಿಸುತ್ತಿದ್ದೆ. ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿಕೊಂಡು, ಕುರ್ಚಿಯ ಮೇಲೆ ಹತ್ತಿ, ಇಳಿದು, ಮಂಡಿಯೂರಿ ತೆವಳುತ್ತಿದ್ದೆ. ಹಾಲಿನ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಊಟದ ದೃಶ್ಯ. ಎಲ್ಲರೂ ತಿನ್ನುತ್ತಿದ್ದಾರೆ, ನಾನು ತಿನ್ನುವವರನ್ನು ತೆಗೆಯುತ್ತಿದ್ದೇನೆ. ಒಂದು ಮೇಜಿನ ತುದಿಯಲ್ಲಿ ತಟ್ಟೆ, ಅದರ ಮೇಲೆ ಮುಚ್ಚಿದ ಇನ್ನೊಂದು ತಟ್ಟೆ. ನಾನು ಬಂದು ಕೂತು ಮುಚ್ಚಿದ್ದನ್ನು ತೆಗೆದು ಅನ್ನಕ್ಕೆ ಕೈ ಹಾಕುತ್ತೇನೆ. ಯಾರೋ ಕರೆದರು ಎಂದು ಕಾಣುತ್ತದೆ, ತಲೆಯೆತ್ತಿ ನೋಡಿ, ಮತ್ತೆ ತಟ್ಟೆ ಮುಚ್ಚಿ ಎದ್ದು ಹೋಗುತ್ತೇನೆ. ಬೇರೆ ದಿನ, ಬೇರೆ ಹಾಲ್, ಬೇರೆ ಅಂಗಿ. ಮತ್ತೆ ಅದೇ ಮುಚ್ಚಿದ ತಟ್ಟೆ. ಆಗ ನಗು ಕಡಿಮೆಯಾಗತೊಡಗಿತು. ಆಮೇಲೆ ವಿಮಾನ ನಿಲ್ದಾಣ. ಯಾವುದೋ ಸಂಸಾರ ಊರಿಗೆ ಹೊರಟಿದೆ, ಹೆಂಗಸರು ತಬ್ಬಿಕೊಂಡು ಅಳುತ್ತಿದ್ದಾರೆ. ಅವರ ಸುತ್ತ ನಾನು ಸುತ್ತು ಬರುತ್ತಿದ್ದೇನೆ. ಸುತ್ತು ಮುಗಿದು ಕ್ಯಾಮೆರಾ ಇಳಿಸಿದಾಗ ಎಡಗೈಯ ಹಿಂಬದಿಯಿಂದ ನನ್ನ ಕಣ್ಣು ಒರೆಸಿಕೊಳ್ಳುತ್ತೇನೆ. ಹಾಗೆ ಮಾಡಿದ್ದು ನನಗೆ ನೆನಪೇ ಇರಲಿಲ್ಲ.

ಇಡೀ ಚಿತ್ರಕ್ಕೆ ಇದ್ದ ಸದ್ದು ಒಂದೇ: ನಮ್ಮ ಮನೆಯ ಮುಂದಿನ ಕೋಣೆಯ ಹಳೆಯ ಏಸಿಯ ಗುಂಯ್‌ಗುಡುವಿಕೆ. ಕೊನೆಯಲ್ಲಿ ಆ ಸದ್ದಿನ ಜಾಗವೇ ಬಂತು. ಶುಕ್ರವಾರದ ಮಧ್ಯಾಹ್ನ, ಸೋಫಾದ ಮೇಲೆ ನಾನು ನಿದ್ದೆ ಹೋಗಿದ್ದೇನೆ. ಬಲ ಹೆಗಲು ಎಡಕ್ಕಿಂತ ಕೆಳಗೆ ಜಗ್ಗಿದೆ. ಬಲಗೈ ಬೆರಳುಗಳು ಏನನ್ನೋ ಹಿಡಿದಂತೆ ಮಡಿಚಿಕೊಂಡೇ ಇವೆ. ಹಾಗೇ ಬಹಳ ಹೊತ್ತು. ಮುಗಿಯಿತು.

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ತುಂಬ ಹೊತ್ತು ತಟ್ಟಿದರು, ಕೆಲವರು ಎದ್ದು ನನ್ನ ಕಡೆಗೆ ತಿರುಗಿ ತಟ್ಟಿದರು. ನಾನು ನಗುವ ಮುಖ ಮಾಡಿಕೊಂಡು ಕುಳಿತೆ. ಒಳಗೆ ಉರಿಯುತ್ತಿತ್ತು. ಅವಮಾನವಾಗಿತ್ತೇ? ಇಲ್ಲ. ನನ್ನನ್ನು ಯಾರೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ ಎಂದು ನನಗೂ ತಿಳಿಯುತ್ತಿತ್ತು. ಆದರೆ ಆ ಕೊನೆಯ ಶಾಟನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸುವ ಧೈರ್ಯ ಅವಳಿಗೆ ಎಲ್ಲಿಂದ ಬಂತು? ನಾನು ಆಗಿದ್ದರೆ ಅರ್ಧದಲ್ಲೇ ಕತ್ತರಿಸುತ್ತಿದ್ದೆ. ಇಷ್ಟು ವರ್ಷ ನಾನು ಹಂಬಲಿಸಿದ ಚಿತ್ರವನ್ನು ಇವಳು ಆಟಿಕೆಯಲ್ಲಿ, ಸೀರೆಯ ಸೆರಗು ಸಿಕ್ಕಿಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಮಾಡಿಬಿಟ್ಟಿದ್ದಳು. ಅದೂ ನನ್ನನ್ನೇ ಇಟ್ಟುಕೊಂಡು. ಆ ಮಧ್ಯಾಹ್ನಗಳ ಮೇಲೂ ನನಗೆ ಹೊಟ್ಟೆ ಉರಿಯಿತು. ನಾನು ಆಫೀಸಿನಲ್ಲಿ ಡಬ್ಬಿಯ ಅನ್ನ ತಿನ್ನುತ್ತಿದ್ದಾಗ ಅವಳು ಕೆಳಗಿನ ಅಂಗಡಿಯಲ್ಲಿ ಕುಳಿತು ನನ್ನ ಬೆನ್ನನ್ನು ಹಿಂದೆ ಮುಂದೆ ಓಡಿಸುತ್ತಿದ್ದಳು.

ಮೊದಲ ಬಹುಮಾನ ಲಿಫ್ಟಿನ ಬಾಗಿಲನ್ನೇ ಚಿತ್ರ ಮಾಡಿದ್ದ ಒಬ್ಬ ಶ್ರೀಲಂಕಾದವನಿಗೆ ಹೋಯಿತು. ತೀರ್ಪುಗಾರರ ವಿಶೇಷ ಮೆಚ್ಚುಗೆ ಅವಳಿಗೆ. ನನಗೆ ಭಾಗವಹಿಸಿದ್ದಕ್ಕೆ ಎಲ್ಲರಿಗೂ ಕೊಟ್ಟ ಕಾಗದ. ಸಮೋಸದ ಮೇಜಿನ ಹತ್ತಿರ ಆ ಒಮಾನಿ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಚಿತ್ರದ ಬಗ್ಗೆ ಏನೋ ಹೇಳುತ್ತಾರೆ ಎಂದು ತಟ್ಟೆ ಕೆಳಗಿಟ್ಟೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿಯಲ್ಲಿ ಹೇಳಿದರು, “ನೀವು ಬಹಳ ಚೆನ್ನಾಗಿ ನಟಿಸಿದ್ದೀರಿ.”

“ನಾನು ನಟಿಸಲಿಲ್ಲ ಸಾರ್. ನನಗೆ ಗೊತ್ತೇ ಇರಲಿಲ್ಲ.”

“ಅದಕ್ಕೇ,” ಎಂದರು. “ನೀರಿನ ಚಿತ್ರವೂ ನಿಮ್ಮದೇ ಅಲ್ಲವೇ? ನಾನು ಹುಟ್ಟಿದ್ದು ರುಸ್ತಾಕಿನಲ್ಲಿ. ನಮ್ಮ ಊರು ಇಷ್ಟು ಚೊಕ್ಕವಾಗಿದೆ ಎಂದು ಇವತ್ತೇ ತಿಳಿದದ್ದು.” ಅವರು ನಗುತ್ತಾ ನನ್ನ ಹೆಗಲು ತಟ್ಟಿದರು, ಬಲ ಹೆಗಲನ್ನೇ.

ಮನೆಗೆ ಹೋಗುವಾಗ ಕಾರಿನಲ್ಲಿ ಮಗಳು ಒಬ್ಬಳೇ ಮಾತಾಡುತ್ತಿದ್ದಳು. “ಅಮ್ಮಾ, ಯು ವರ್ ದ ಬೆಸ್ಟ್!” ಎಂದು ಹಿಂದಿನ ಸೀಟಿನಿಂದ ಅಮ್ಮನ ಕುತ್ತಿಗೆಗೆ ಜೋತು ಬಿದ್ದಳು. ನಾನು ರಸ್ತೆ ನೋಡುತ್ತಿದ್ದೆ.

“ಎಂತಾಯ್ತು ನಿಮಗೆ?” ಎಂದಳು ಹೆಂಡತಿ.

“ಎಂತ ಇಲ್ಲ.” ಸ್ವಲ್ಪ ದೂರ ಹೋದ ಮೇಲೆ ತಡೆಯಲಾಗಲಿಲ್ಲ. “ಆ ಏರ್‌ಪೋರ್ಟಿನಲ್ಲಿ ನೀನು ಎಲ್ಲಿ ನಿಂತದ್ದು? ನಂಗೆ ಕಾಣಲೇ ಇಲ್ಲ.”

“ನಿಮ್ಮ ಹಿಂದೆಯೇ ಇದ್ದೆ. ನೀವು ತಿರುಗಿ ನೋಡುವುದಿಲ್ಲವಲ್ಲ.”

“ಹೇಳ್ಬಹುದಿತ್ತು.”

“ಹೇಳಿದ್ರೆ ನೀವು ಅಂಗಿ ಇಸ್ತ್ರಿ ಮಾಡಿಕೊಂಡು ಬರ್ತಿದ್ರಿ.”

ಅದು ನಿಜ. ನಿಜವಾದದ್ದರಿಂದಲೇ ಅದೂ ಉರಿಗೆ ಸೇರಿತು.

ಮುಂದಿನ ಕೆಲವು ತಿಂಗಳು ನನಗೆ ಬಹಳ ಕಷ್ಟದವು. ಕೆಳಗಿನ ಅಂಗಡಿಯಿಂದ ಅವಳ ಚಿತ್ರದ ಪ್ರತಿ ಮನೆ ಮನೆಗೆ ಹೋಗಿತ್ತು. ಹೋದಲ್ಲೆಲ್ಲ ಜನ ನನ್ನನ್ನು ಹಿಡಿದು ಊಟಕ್ಕೆ ಕೂರಿಸತೊಡಗಿದರು. ಒಂದು ನಾಮಕರಣದಲ್ಲಿ ಮಗುವಿನ ಅಜ್ಜಿ, ಊರಿನಿಂದ ಬಾಣಂತನಕ್ಕೆಂದು ಬಂದವರು, ಬಾಗಿಲಲ್ಲೇ ನನ್ನ ಕೈ ಹಿಡಿದರು.

“ಮೊದಲು ತಿಂಡಿ ತಿನ್ನಿ ಮಗ. ನಿಮ್ಮ ಚಿತ್ರ ನೋಡಿ ನಾನು ಅತ್ತುಬಿಟ್ಟೆ. ಪಾಪ, ಎಷ್ಟು ಕಡೆ ಹಸಿದುಕೊಂಡು ಬಂದಿದ್ದೀರೋ!”

“ಅಜ್ಜಿ, ತೊಟ್ಟಿಲಿಗೆ ಹಾಕುವ ಹೊತ್ತಾಯ್ತು. ಆಮೇಲೆ ತಿನ್ನುತ್ತೇನೆ.”

“ಅದೆಲ್ಲ ಇರ್ತದೆ. ಕೂತ್ಕೊಳ್ಳಿ.”

ಎಲೆಯಲ್ಲಿ ಬೇಯಿಸಿದ ಮೂಡೆ ಇಡ್ಲಿ ಬಡಿಸಿದರು, ಸಾಂಬಾರು ಬಡಿಸಿದರು, ಎದುರೇ ನಿಂತರು. ಏಳಲು ಬಿಡಲಿಲ್ಲ. ಒಳಗಿನ ಕೋಣೆಯಿಂದ ಹೆಂಗಸರ ಗಲಾಟೆ ಕೇಳಿ ನಾನು ಸಾಂಬಾರಿನ ಕೈಯಲ್ಲೇ ಓಡಿದಾಗ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಮುಗಿದಿತ್ತು. ಮಗುವಿನ ಅಪ್ಪನ ಮುಖ ಸಣ್ಣಗಾಯಿತು. ಮತ್ತೊಮ್ಮೆ ಹೇಳಿಸೋಣ ಎಂದು ಮಗುವಿನ ಸೋದರತ್ತೆಯನ್ನು ಮತ್ತೆ ತೊಟ್ಟಿಲಿಗೆ ಬಗ್ಗಿಸಿ ನಿಲ್ಲಿಸಿದೆ. ಅಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ಕ್ಯಾಸೆಟ್ಟಿನಲ್ಲಿ ಈಗಲೂ ಅದು ನಿದ್ದೆಯಲ್ಲೇ ಹೆಸರು ಕೇಳಿಸಿಕೊಳ್ಳುತ್ತದೆ. ಮನೆಗೆ ಬಂದು ಹೇಳಿದಾಗ ಹೆಂಡತಿ ಅಡುಗೆಕಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ನೀರು ರುಸ್ತಾಕಿನ ಒಂದು ಕಲ್ಲನ್ನೂ ಕದಲಿಸಿರಲಿಲ್ಲ. ಅವಳ ಏಳು ನಿಮಿಷ ಮಸ್ಕತ್ತಿನ ಅಜ್ಜಿಯಂದಿರನ್ನೆಲ್ಲ ಎಬ್ಬಿಸಿ ನಿಲ್ಲಿಸಿತ್ತು.

ಪೇಟೆಯ ಹೊರಗಿನ ಬೌಷರಿನಲ್ಲಿ ಇನ್ನೊಂದು ಸಂಘದವರು ಆ ಚಿತ್ರಗಳಲ್ಲಿ ಕೆಲವನ್ನು ತಮ್ಮವರಿಗೆ ತೋರಿಸಲು ಕೇಳಿದರು. ಕ್ಯಾಸೆಟ್ ಅಂಗಡಿಯ ಗೆಳೆಯನಿಗೆ ಜ್ವರ. “ನೀವೇ ಹೋಗಿ ಹಾಕಿ ಬನ್ನಿ ಡೈರೆಕ್ಟ್ರೇ, ಬೇರೆ ಯಾರಿಗೆ ಕೊಡ್ಲಿ?” ಎಂದು ಚೀಲ ಕೈಗಿಟ್ಟ. ಚೀಲದಲ್ಲಿ ‘ನೀರಿನ ದಾರಿ’ ಇರಲಿಲ್ಲ. ಅವರು ಕೇಳಿರಲಿಲ್ಲ.

ಅಲ್ಲಿ ವಿಸಿಆರ್ ಪಕ್ಕದಲ್ಲಿ ನಿಂತು ಅವಳ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದಾಗ, ಟೇಪು ಸಿಕ್ಕಿಹಾಕಿಕೊಂಡಿದೆ, ಇವತ್ತು ಆಗುವುದಿಲ್ಲ ಎಂದು ಹೇಳಿದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಬಂತು. ಬಂದದ್ದು ಹೋಯಿತು. ಗುಂಡಿ ಒತ್ತಿದೆ. ಈ ಸಲ ತಪ್ಪು ಹುಡುಕಲೆಂದೇ ನೋಡಿದೆ. ಸಿಕ್ಕಿದವು, ರಾಶಿ ರಾಶಿ ಸಿಕ್ಕಿದವು. ರಿಸೆಪ್ಷನ್ನಿನಲ್ಲಿ ಕೈ ನಡುಗಿದೆ. ಏರ್‌ಪೋರ್ಟಿನಲ್ಲಿ ಕಿಟಕಿಯ ಬೆಳಕು ಮುಖವನ್ನು ನುಂಗಿದೆ. ತಟ್ಟೆಯ ಹತ್ತಿರ ಫೋಕಸ್ ತಪ್ಪಿ ತಡಕಾಡಿ ಮತ್ತೆ ಸೇರಿದೆ. ಒಂದೊಂದನ್ನೂ ನಾನು ಬೆರಳು ಮಾಡಿ ತೋರಿಸಬಲ್ಲೆ. ತಿರುಗಿ ನೋಡಿದರೆ, ಕುರ್ಚಿಗಳಲ್ಲಿ ಕೂತ ಅಪರಿಚಿತರು, ನನ್ನನ್ನು ಒಮ್ಮೆಯೂ ನೋಡಿರದವರು, ಟಿವಿಯಲ್ಲಿ ಮಲಗಿದ್ದ ನನ್ನನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅದೇ ಮನುಷ್ಯ ಅವರ ಪಕ್ಕದಲ್ಲೇ ನಿಂತಿದ್ದಾನೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಆ ದಿನ ನನಗೆ ಟಿವಿಯೊಳಗಿನ ನನ್ನ ಮೇಲೂ ಹೊಟ್ಟೆಕಿಚ್ಚಾಯಿತು.

ಮುಂದಿನ ವರ್ಷದ ಉತ್ಸವಕ್ಕೆ ಮುಂಚೆ ನಾನು ಅವಳಿಗೊಂದು ಹೊಸ ಕ್ಯಾಮೆರಾ ತಂದುಕೊಟ್ಟೆ. ಒಳ್ಳೆಯ ಜಪಾನಿ ಕ್ಯಾಮೆರಾ. “ಇನ್ನೊಂದು ಮಾಡು,” ಎಂದೆ. ಕೇಳಿದವರು ಎಂಥ ಒಳ್ಳೆಯ ಗಂಡ ಎಂದರು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ: ಇನ್ನೊಂದು ಮಾಡಲಿ, ಅದು ಸಾಧಾರಣವಾಗಿ ಬರಲಿ, ಮೊದಲನೆಯದು ಅದೃಷ್ಟದಿಂದ ಬಂದದ್ದು ಎಂದು ನನಗೆ ಖಾತ್ರಿಯಾಗಲಿ.

ಅವಳು ಡಬ್ಬಿ ತೆರೆದು ನೋಡಿ, ಮುಚ್ಚಿ, ಕಪಾಟಿನ ಮೇಲಿಟ್ಟಳು. “ಚೆಂದ ಉಂಟು. ಮಗಳಿಗೆ ಆಗ್ತದೆ.”

“ಅಲ್ಲ, ನಿಂಗೆ ಚಿತ್ರ ಮಾಡಲಿಕ್ಕೆ ತಂದದ್ದು.”

“ನಂಗೆ ಯಾಕೆ ಇನ್ನು? ಒಂದು ಹೇಳ್ಬೇಕು ಅಂತಿತ್ತು, ಹೇಳಿ ಆಯ್ತು.”

“ಹಾಗೆ ಬಿಡಲಿಕ್ಕೆ ಆಗ್ತದಾ?”

“ಬಿಡಲಿಕ್ಕೆ ಎಂತ ಉಂಟು ಅದ್ರಲ್ಲಿ?” ಎಂದು ಅವಳು ನಿಜವಾಗಿಯೇ ಅರ್ಥವಾಗದವಳ ಹಾಗೆ ನನ್ನನ್ನು ನೋಡಿದಳು. ಮತ್ತೆ ಮಗಳ ಯೂನಿಫಾರ್ಮಿಗೆ ಗುಂಡಿ ಹಾಕಲು ಕುಳಿತಳು.

ಅವಳಿಗೆ ಚಿತ್ರ ಮಾಡಲು ಬಂದದ್ದಕ್ಕಿಂತ, ಅದನ್ನು ಹೀಗೆ ಬಿಟ್ಟು ಏಳಲು ಬಂದದ್ದು ನನ್ನನ್ನು ಹೆಚ್ಚು ಕಾಡಿತು. ನನಗೆ ಅದು ಯಾವತ್ತೂ ಬರಲಿಲ್ಲ. ಆ ಉತ್ಸವ ನಡೆದಷ್ಟು ವರ್ಷವೂ ನಾನು ಚಿತ್ರ ಕೊಟ್ಟೆ. ಒಂಟೆಗಳನ್ನು ತೆಗೆದೆ, ಮತ್ರಾ ಬಂದರಿನ ದೋಣಿಗಳನ್ನು ತೆಗೆದೆ. ಪ್ರತಿ ಸಲವೂ ಯಾರಾದರೊಬ್ಬರು, “ಈ ಸಲ ಮೇಡಮ್ ಯಾವ ಚಿತ್ರ ಮಾಡಿದ್ದಾರೆ?” ಎಂದು ಕೇಳುತ್ತಿದ್ದರು. ಅವಳು ನಗುತ್ತಾ, “ನಾನು ಇವರದ್ದು ನೋಡ್ಲಿಕ್ಕೆ ಬಂದದ್ದು,” ಎನ್ನುತ್ತಿದ್ದಳು. ಆ ಉತ್ತರದಲ್ಲಿ ಕೊಂಕು ಇರಬಹುದೇ ಎಂದು ನಾನು ಪ್ರತಿ ಸಲವೂ ಹುಡುಕಿದೆ. ಇರಲಿಲ್ಲ.

ಕೊನೆಗೊಮ್ಮೆ, ಉತ್ಸವ ನಿಂತುಹೋಗುವ ಮೊದಲಿನ ವರ್ಷ, ನನಗೆ ಎರಡನೆಯ ಬಹುಮಾನ ಬಂತು. ಮೀನು ಮಾರುಕಟ್ಟೆಯಲ್ಲಿ ಒಬ್ಬ ಮುದುಕ ದಿನದ ಕೊನೆಗೆ ತನ್ನ ಜಾಗವನ್ನು ತೊಳೆದು, ಚಾಪೆ ಸುತ್ತಿಕೊಂಡು, ಕುಳಿತು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುವ ಚಿತ್ರ. ವೇದಿಕೆಯಿಂದ ಇಳಿದಾಗ ಅವಳು ಮುಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಕಾರಿನಲ್ಲಿ ಕುಳಿತ ಮೇಲೆ, ನಾನು ಕೇಳಬಾರದಾಗಿತ್ತು, ಕೇಳಿದೆ. “ಹೇಗಿತ್ತು?”

“ಭಾರೀ ಲಾಯಕ್ ಉಂಟು. ನಿಮ್ಮ ಎಲ್ಲದಕ್ಕಿಂತ ಒಳ್ಳೆಯದು.” ಹಾಗೆಯೇ ಸೇರಿಸಿದಳು, “ಆದ್ರೆ ಆ ಅಜ್ಜನನ್ನು ಬೇಗ ಬಿಟ್ರಿ. ಅವರು ಗಾಳಿ ಹಾಕಿಕೊಳ್ಳುವಾಗ ಇನ್ನೂ ಸ್ವಲ್ಪ ಹೊತ್ತು ನೋಡುವ ಅಂತ ಇತ್ತು ನಂಗೆ.”

ಬಹುಮಾನದ ಸಂತೋಷವೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ಆಮೇಲೆ ಕೆಲವು ದಿನ ಅವಳೊಡನೆ ಬೇಕಾದಷ್ಟೇ ಮಾತಾಡಿದೆ. ಮುಂದಿನ ಶುಕ್ರವಾರ, ಅವಳು ಮಗಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಾಗ, ಮೂಲ ಕ್ಯಾಸೆಟ್ಟು ಹೊರತೆಗೆದು, ಎರಡು ವಿಸಿಆರ್ ಜೋಡಿಸಿ, ಆ ಮುದುಕನನ್ನು ಬೀಸಣಿಗೆ ಕೆಳಗಿಡುವ ತನಕ ಬಿಟ್ಟು ನೋಡಿದೆ. ಅವಳು ಹೇಳಿದ್ದೇ ಸರಿಯಾಗಿತ್ತು. ಹಾಗೆಯೇ ಉಳಿಸಿ ಕ್ಯಾಸೆಟ್ಟಿನ ಮೇಲೆ ಹೊಸ ಲೇಬಲ್ ಅಂಟಿಸಿದೆ. ಅವಳಿಗೆ ಹೇಳಲಿಲ್ಲ.